ಒಡ್ಡಿನ ಮೇಲಿನ ನನ್ನ ಪಾಲು

ತವರಿನ ಹೊಲದಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಒಡ್ಡಿನ ಮೇಲಿನ ಕಸ. ಹೊಲ ತಮ್ಮನದು, ಬಾವಿ ತಮ್ಮನದು, ಒಡ್ಡಿನ ಮಣ್ಣೂ ಅವನದೇ. ಆ ಮಣ್ಣಿನ ಮೇಲೆ ಯಾರೂ ಬಿತ್ತದೆ ತಾನಾಗಿ ಹುಟ್ಟುವ ಗಿಡಗಳು ಮಾತ್ರ ನನ್ನವು. ಇದನ್ನು ಕೇಳಿ ನಗಬೇಕೆನಿಸಿದರೆ ಈಗಲೇ ನಕ್ಕುಬಿಡಿ. ನಮ್ಮ ಓಣಿಯವರು ನಕ್ಕಾಗಿದೆ, ಬೀಗರು ನಕ್ಕಾಗಿದೆ, ನನ್ನ ಗಂಡ ಕೂಡ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕಿದ್ದಾನೆ. ನನಗೆ ಮಾತ್ರ ನಗು ಬರುವುದಿಲ್ಲ. ಹೋದ ದೀಪಾವಳಿಯಿಂದೀಚೆಗೆ ಒಡ್ಡು ಎಂಬ ಮಾತು ಕಿವಿಗೆ ಬಿದ್ದರೂ ಮೈ ಉರಿಯುತ್ತದೆ.

ನಾನು ಮುದ್ದೇಬಿಹಾಳದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಮದುವೆ ಹೆಣ್ಣುಗಳ ಜಂಪರು ಹೊಲಿಯುತ್ತೇನೆ, ತೋಳಿನ ಮೇಲೆ, ಬೆನ್ನಿನ ಮೇಲೆ ಬಣ್ಣದ ದಾರದಲ್ಲಿ ಹೂಬಳ್ಳಿ ತೆಗೆಯುತ್ತೇನೆ. ತವರು ಸಿಂದಗಿ ತಾಲ್ಲೂಕಿನಲ್ಲಿ, ಕನ್ನೊಳ್ಳಿಯ ಹತ್ತಿರ. ಎರೆ ಹೊಲದ ಊರು, ಮಳೆ ಬಿದ್ದರೆ ಚಪ್ಪಲಿ ಮಣ್ಣಲ್ಲೇ ಉಳಿದು ಬರಿಗಾಲು ಮೇಲೆ ಬರುವಂಥ ನೆಲ. ಆ ನೆಲದಲ್ಲಿ ತೊಗರಿ ಎಷ್ಟು ಚೆನ್ನಾಗಿ ಬರುತ್ತದೋ ಕಳೆಯೂ ಅಷ್ಟೇ ಚೆನ್ನಾಗಿ ಬರುತ್ತದೆ. ನಮ್ಮ ಕಡೆ ಕಳೆ ಎನ್ನುವುದಿಲ್ಲ, ಕಸ ಎನ್ನುತ್ತೇವೆ. ಮನೆ ಗುಡಿಸಿ ಮೂಲೆಗೆ ಒಟ್ಟುವುದಕ್ಕೂ ಅದೇ ಹೆಸರು, ಹೊಲದಲ್ಲಿ ಹೂ ಬಿಟ್ಟು ನಿಂತದ್ದಕ್ಕೂ ಅದೇ ಹೆಸರು. ನನ್ನ ಸಿಟ್ಟು ಅಲ್ಲಿಂದಲೇ ಶುರು.

ಅವ್ವನಿಗೆ ಕಸ ಕಂಡರೆ ಆಗುತ್ತಿರಲಿಲ್ಲ. ಶಾಲೆಗೆ ಸೂಟಿ ಇದ್ದ ದಿನ ನನ್ನ ಕೈಗೊಂದು ಕುರ್ಪಿ ಕೊಟ್ಟು ತೊಗರಿ ಸಾಲಿಗೆ ಕೂರಿಸುತ್ತಿದ್ದಳು. ಕುಕ್ಕರಗಾಲಿನಲ್ಲಿ ಕೂತು ಸಾಲು ಹಿಡಿದು ಸರಿಯಬೇಕು, ಬೇರು ಸಮೇತ ಕೀಳಬೇಕು, ಮಣ್ಣು ಝಾಡಿಸಿ ಪಕ್ಕಕ್ಕೆ ಒಗೆಯಬೇಕು. ನಾನು ಯಾವಾಗಲೂ ಹಿಂದೆ ಬೀಳುತ್ತಿದ್ದೆ, ಯಾಕೆಂದರೆ ನೋಡುತ್ತಾ ಕೂತುಬಿಡುತ್ತಿದ್ದೆ. ಬೆಳಿಗ್ಗೆ ಅರಳಿ ಬಿಸಿಲೇರುವುದರೊಳಗೆ ಮುದುಡಿಹೋಗುವ ಒಂದು ಸಣ್ಣ ನೀಲಿ ಹೂವಿತ್ತು. ಆ ನೀಲಿಯನ್ನು ನಾನು ಇವತ್ತಿಗೂ ಯಾವ ರೇಷ್ಮೆ ದಾರದಲ್ಲೂ ಕಂಡಿಲ್ಲ. ನೆಲಕ್ಕೆ ಅಂಟಿಕೊಂಡು ಹಬ್ಬುವ ನೆಗ್ಗಿಲಮುಳ್ಳಿಗೆ ಅರಿಶಿನದಂಥ ಹಳದಿ ಹೂವು. ಮುಳ್ಳು ಕಾಲಿಗೆ ಚುಚ್ಚಿದಾಗ ಬೈದವರೇ ಎಲ್ಲ, ಬಗ್ಗಿ ಹೂ ನೋಡಿದವರು ಒಬ್ಬರೂ ಇಲ್ಲ. ನಮ್ಮ ಕಡೆ ತುಂಬಿ ಎನ್ನುವ ತುಂಬೆ ಹೂವಂತೂ ಶಿವನಿಗೆ ಪ್ರೀತಿ ಎಂದು ಊರಿಗೆ ಊರೇ ಹೇಳುತ್ತದೆ. ಹೇಳುತ್ತಲೇ ಕುರ್ಪಿ ಹಾಕಿ ಕೀಳುತ್ತದೆ.

ಒಮ್ಮೆ ಒಂದು ಹೂವನ್ನು ಜಡೆಗೆ ಸಿಕ್ಕಿಸಿಕೊಂಡಿದ್ದೆ. ತೊಗರಿಯ ನಡುವೆ ಎದೆಯೆತ್ತರ ಬೆಳೆಯುವ ಗಿಡದ ಹೂವದು. ದೀಪದ ಕುಡಿಯ ಆಕಾರ, ತುದಿಗೆ ಗುಲಾಬಿ, ಕೆಳಗಿಳಿದಂತೆ ಬೆಳ್ಳಿ ಬಣ್ಣ. ಹೆಸರು ಕೇಳಿದರೆ ಮತ್ತೆ ಕಸವೇ. ಹೊಲದಿಂದ ವಾಪಸು ಬರುವಾಗ ಊರ ಅಗಸಿ ಬಾಗಿಲ ಹತ್ತಿರ ಅವ್ವ ಅದನ್ನು ನೋಡಿದಳು. ಜಡೆ ಹಿಡಿದು ನಿಲ್ಲಿಸಿ, ಹೂವನ್ನು ಕಿತ್ತು ನೆಲಕ್ಕೆ ಹಾಕಿ ಕಾಲಿನಿಂದ ಹೊಸಕಿದಳು.

"ಕಸದ ಹೂ ಮುಡಕೊಂಡು ಊರಾಗ ಹೊಂಟಿಯೇನ? ನಮ್ಮ ಹೊಲದಾಗ ಕಸಾ ಐತಿ ಅಂತ ಎಲ್ಲಾರ್ಗೂ ತೋರಸ್ತಿ?"

ಬೆನ್ನಿಗೆ ಒಂದು ಗುದ್ದೂ ಬಿತ್ತು. ನಮ್ಮಲ್ಲಿ ಹೊಲದ ಕಸ ಎಂದರೆ ಮನೆಯ ಮಾನದ ಮಾತು. ಯಾರ ಹೊಲದಲ್ಲಿ ಕಸ ಎದ್ದಿದೆಯೋ ಆ ಮನೆಯ ಹೆಂಗಸು ಮೈಗಳ್ಳಿ ಎಂದು ಊರು ತೀರ್ಮಾನ ಮಾಡಿಬಿಡುತ್ತದೆ. ಗಂಡಸಿನ ಹೆಸರು ಯಾರೂ ಎತ್ತುವುದಿಲ್ಲ. ಅವ್ವನ ಸಿಟ್ಟು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ, ಆದರೆ ಆ ಗುದ್ದನ್ನು ನಾನಿನ್ನೂ ಮರೆತಿಲ್ಲ.

ಅದೇ ಅವ್ವ ವರ್ಷಕ್ಕೊಂದು ದಿನ ಕಸಕ್ಕೆ ಕೈ ಮುಗಿಯುತ್ತಿದ್ದಳು. ದೀಪಾವಳಿಯ ಪಾಡ್ಯದಂದು ನಮ್ಮಲ್ಲಿ ಸಗಣಿಯಿಂದ ಪಾಂಡವರನ್ನು ಮಾಡುತ್ತಾರೆ. ಮುಷ್ಟಿ ಗಾತ್ರದ ಸಗಣಿಯ ಉಂಡೆಗಳೇ ಪಾಂಡವರು, ಅವರ ಜೊತೆಗೊಬ್ಬಳು ಹಟ್ಟೆವ್ವ. ಹೊಸ್ತಿಲಿಗೆ, ಅಂಗಳಕ್ಕೆ, ದನ ಕಟ್ಟುವಲ್ಲಿಗೆ ಅವರನ್ನು ಇಟ್ಟು ತಲೆಗೆ ಹೂ ಸಿಕ್ಕಿಸಬೇಕು. ನಮ್ಮ ಮನೆಯಲ್ಲಿ ಆ ಹೂ ಪೇಟೆಯದು ನಡೆಯುವುದಿಲ್ಲ, ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ್ದೇ ಆಗಬೇಕು. ಉತ್ತರಾಣಿಯ ಕಡ್ಡಿ, ತುಂಬಿ ಹೂ, ಆವರಿಕೆಯ ಹಳದಿ ಗೊಂಚಲು. ಅದಕ್ಕಾಗಿ ಹೊಲದ ಕೊನೆಯ ಒಡ್ಡಿನ ಮೇಲೆ ಮಾತ್ರ ಅವ್ವ ಕುರ್ಪಿ ಆಡಿಸುತ್ತಿರಲಿಲ್ಲ. ಅದು ಹಟ್ಟೆವ್ವನ ಪಾಲು ಎನ್ನುತ್ತಿದ್ದಳು. ನಾನು ಮುಡಿದರೆ ಗುದ್ದು, ಸಗಣಿ ಮುಡಿದರೆ ನಮಸ್ಕಾರ. ಇದೆಂಥ ನ್ಯಾಯ ಎಂದು ಅವಳ ಮುಖಕ್ಕೇ ಕೇಳಿದ್ದೆ. ಅವಳು ಸಗಣಿ ಕೈಯನ್ನೇ ನನ್ನ ಕಡೆ ಎತ್ತಿದಳು, ನಾನು ಓಡಿದೆ.

ಹೀಗೆ ಆ ಒಡ್ಡು ಬದುಕಿಕೊಂಡಿತು. ನೀವು ದಸರೆಯಿಂದ ದೀಪಾವಳಿಯವರೆಗಿನ ದಿನಗಳಲ್ಲಿ ಬಂದು ನೋಡಬೇಕಿತ್ತು. ಎರಡೂ ಕಡೆ ಕಪ್ಪು ಹೊಲ, ಹೊಸದಾಗಿ ಮೊಳೆತ ಜೋಳ, ನಡುವೆ ಉದ್ದಕ್ಕೆ ಆ ಒಡ್ಡು. ಇಳಕಲ್ಲ ಸೀರೆಯ ದಡಿಯ ಹಾಗೆ ಬಣ್ಣ ಬಣ್ಣವಾಗಿ ಕಾಣುತ್ತಿತ್ತು. ಬುಡದಲ್ಲಿ ನೀಲಿ, ಅದರ ಮೇಲೆ ತುಂಬಿಯ ಬಿಳಿ, ಗಾಳಿಗೆ ತೂಗುವ ಗುಲಾಬಿ ಕುಡಿಗಳು, ತುದಿಯಲ್ಲಿ ಆವರಿಕೆ. ನಡುನಡುವೆ ಉದ್ದ ಕಡ್ಡಿಯ ಮೇಲೆ ಒಂಟಿಯಾಗಿ ನಿಲ್ಲುವ ಪುಟ್ಟ ಕೆನೆಬಣ್ಣದ ಹೂವುಗಳು, ಎಸಳಿನ ಅಂಚನ್ನು ಯಾರೋ ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿದಂತೆ. ನಾನು ಕತ್ತರಿ ಹಿಡಿದು ಬಾಳಿದವಳು, ಅಂಥ ಅಂಚು ನನಗೆ ಒಮ್ಮೆಯೂ ಬಂದಿಲ್ಲ. ಇವುಗಳಲ್ಲಿ ಅರ್ಧಕ್ಕೆ ನಮ್ಮೂರಲ್ಲಿ ಹೆಸರೇ ಇಲ್ಲ. ಅವುಗಳನ್ನು ಸಾಯಿಸುವ ವಿಷಕ್ಕೆ ಮಾತ್ರ ಬಣ್ಣದ ಡಬ್ಬಿಯ ಮೇಲೆ ದೊಡ್ಡ ದೊಡ್ಡ ಅಕ್ಷರದ ಹೆಸರು. ಯಾರಿಗೂ ಇದು ವಿಚಿತ್ರ ಎನಿಸುವುದಿಲ್ಲವಲ್ಲ, ಅದಕ್ಕೆ ನನಗೆ ತಲೆ ಕೆಡುತ್ತದೆ.

ಲಗ್ನವಾಗಿ ಮುದ್ದೇಬಿಹಾಳಕ್ಕೆ ಬಂದ ಮೇಲೆ ಆ ಒಡ್ಡೇ ನನಗೆ ಕೆಲಸ ಕಲಿಸಿತು ಎಂದರೂ ನಡೆಯುತ್ತದೆ. ಎಲ್ಲ ಹೊಲಿಗೆಯವರೂ ನವಿಲು, ತಾವರೆ, ಮಾವಿನಕಾಯಿ ತೆಗೆಯುತ್ತಿದ್ದಾಗ ನಾನು ತವರಿಗೆ ಹೋದಾಗಲೆಲ್ಲ ಒಡ್ಡಿನ ಮೇಲೆ ಕೂತು ಹೂಗಳನ್ನು ನೋಡಿ ಬರುತ್ತಿದ್ದೆ, ಮೊಬೈಲು ಬಂದ ಮೇಲೆ ಫೋಟೋ ಹಿಡಿದು ಬರುತ್ತಿದ್ದೆ. ಆಮೇಲೆ ಅವೇ ಜಂಪರಿನ ತೋಳಿನ ಮೇಲೆ ಏಳುತ್ತಿದ್ದವು. ಒಮ್ಮೆ ಇಂಡಿ ಕಡೆಯ ನಿಂಬೆ ತೋಟದವರ ಮಗಳ ಮದುವೆಗೆ ಆ ಗುಲಾಬಿ ಕುಡಿಯನ್ನೇ ಸಾಲಾಗಿ ತೆಗೆದುಕೊಟ್ಟೆ. ಹುಡುಗಿ ಕನ್ನಡಿಯ ಮುಂದಿನಿಂದ ಸರಿಯಲೇ ಇಲ್ಲ. ತಾಯಿಗೂ ಬಹಳ ಹಿಡಿಸಿತು, ಇದು ಯಾವ ಹೂವು ಎಂದು ಕೇಳಿದರು. ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಹೊಲದಲ್ಲಿ ಬೆಳೆಯುತ್ತದಲ್ಲ, ನಿಮ್ಮ ತೋಟದಲ್ಲೂ ಇರುತ್ತದೆ ಎಂದುಬಿಟ್ಟೆ. ಆ ತಾಯಿಯ ಮುಖ ಕಪ್ಪಿಟ್ಟಿತು. ದಿನಾ ಆಳು ಹಚ್ಚಿ ಕೀಳಿಸುವ ಕಸವನ್ನು ನನ್ನ ಮಗಳ ಮೈಮೇಲೆ ಹಾಕುತ್ತೀರಾ ಎಂದು ರೇಗಿದರು. ಅದನ್ನು ಬಿಚ್ಚಿ ತಾವರೆ ತೆಗೆಯಿರಿ ಎಂದರು. ಇಂಡಿಯಲ್ಲಿ ತಾವರೆ ಎಲ್ಲಿದೆ? ಆ ತಾಯಿ ತಾವರೆ ನೋಡಿದ್ದು ಕ್ಯಾಲೆಂಡರಿನಲ್ಲಿ. ಆದರೂ ಬ್ಲೇಡು ಹಿಡಿದು ಒಂದೊಂದೇ ಎಳೆ ಬಿಚ್ಚಿದೆ, ಬಿಚ್ಚುವಾಗ ಬೈದುಕೊಂಡದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಂದಿನಿಂದ ಯಾರು ಕೇಳಿದರೂ "ಹೊಸಾ ಡಿಸೈನ್ ರಿ" ಎನ್ನುತ್ತೇನೆ. ಎಲ್ಲರಿಗೂ ಹಿಡಿಸುತ್ತದೆ.

ಅಪ್ಪ ತೀರಿಕೊಂಡ ಮೇಲೆ ತಮ್ಮ ಫೋನು ಮಾಡಿ, ಸಿಂದಗಿಗೆ ಒಂದು ಸಹಿಗೆ ಬಂದು ಹೋಗು ಎಂದ. ಯಾವ ಸಹಿ ಎಂದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ನನಗೆ ಹಕ್ಕಿಲ್ಲ ಎಂದು ಬರೆದುಕೊಡುವ ಸಹಿ. ಕೊಟ್ಟವಳು ಒಳ್ಳೆಯ ಅಕ್ಕ, ಪಾಲು ಕೇಳಿದವಳು ತವರು ಕಳೆದುಕೊಂಡವಳು. ನಾನೂ ಸೆರಗು ಹೊದ್ದು ಹೋಗಿ ಸಹಿ ಮಾಡಿದೆ. ಆದರೆ ಮಾಡುವ ಮೊದಲು ಅವ್ವನ ಎದುರಿಗೆ, ತಮ್ಮನ ಎದುರಿಗೆ ಒಂದು ಮಾತು ಹೇಳಿದೆ.

"ನನಗ ಹೊಲ ಬ್ಯಾಡ. ಕಡೀ ಒಡ್ಡಿನ ಮ್ಯಾಲಿನ ಕಸ ತಗೀಬ್ಯಾಡ, ಅದಕ್ಕ ಎಣ್ಣಿ ಹೊಡೀಬ್ಯಾಡ. ಅಷ್ಟ ನನ್ನ ಪಾಲು."

ಎಣ್ಣಿ ಎಂದರೆ ಔಷಧಿ, ಔಷಧಿ ಎಂದರೆ ವಿಷ. ಹೊಲಕ್ಕೆ ಹೊಡೆಯುವ ವಿಷಕ್ಕೆ ನಮ್ಮವರು ಇಟ್ಟ ಮುದ್ದಿನ ಹೆಸರು ಅದು. ಆಗ ತಾನೇ ಕಸಕ್ಕೂ ಎಣ್ಣಿ ಬಂದಿತ್ತು. ತಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕ, ನನ್ನ ಕೈ ಮೇಲೆ ಕೈ ಹಾಕಿ ಮಾತು ಕೊಟ್ಟ. ನನ್ನ ತಮ್ಮ ಕೆಟ್ಟವನಲ್ಲ, ಅದನ್ನೂ ಹೇಳಿಬಿಡಬೇಕು. ಕೆಲವು ವರ್ಷ ಮಾತು ಉಳಿಸಿಕೊಂಡ. ಮಳೆಗಾಲದಲ್ಲಿ ಫೋನು ಮಾಡಿ, ಅಕ್ಕಾ ಈ ಸಲ ನಿನ್ನ ಬೆಳಿ ನನ್ನ ಬೆಳಿಗಿಂತ ಛಲೋ ಬಂದೈತಿ ಎಂದು ಚಾಷ್ಟಿ ಮಾಡುತ್ತಿದ್ದ. ನನಗದು ಖುಷಿಯೇ. ತವರಿಗೆ ಹೋಗಿ ಒಡ್ಡಿನ ಮೇಲೆ ಕೂತರೆ ನನ್ನ ಜಾಗದಲ್ಲಿ ನಾನು ಕೂತಿದ್ದೇನೆ ಎನಿಸುತ್ತಿತ್ತು. ಗಂಡನ ಮನೆ ಗಂಡನದು, ತವರು ತಮ್ಮನದು, ಅಂಗಡಿ ಬಾಡಿಗೆಯದು. ನನ್ನದು ಎಂದು ಕಾಲು ಚಾಚಿ ಕೂರುವ ನೆಲ ಅದೊಂದೇ ಇತ್ತು.

ಹೋದ ದೀಪಾವಳಿಗೆ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಪ್ರಯಾಣ ಮಾಡಿ ತವರಿಗೆ ಹೋದೆ. ಅವ್ವನಿಗೆ ಈಗ ಮೊಣಕಾಲು ನೋವು, ಹೊಲಕ್ಕೆ ಹೋಗುವುದಿಲ್ಲ, ಆದರೆ ಪಾಂಡವರನ್ನು ಮಾಡುವ ಕೆಲಸ ಸೊಸೆಗೆ ಬಿಟ್ಟುಕೊಟ್ಟಿಲ್ಲ. ಪಾಡ್ಯದ ಬೆಳಿಗ್ಗೆ ಸಗಣಿ ಕಲಸುತ್ತಾ ಕೂತು, ಉತ್ತರಾಣಿ ಸ್ವಲ್ಪ ಹೆಚ್ಚು ತಾ ಎಂದಳು. ನಾನು ಬುಟ್ಟಿ ಹಿಡಿದು ಹೊರಟೆ. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, ಬಿಸಿಲಾಗತೈತಿ ಅಕ್ಕಾರ, ಹೋಗಬ್ಯಾಡ್ರಿ ಎಂದಳು. ಬೆಳಗಿನ ಹೊತ್ತಿನಲ್ಲಿ ಎಂಥ ಬಿಸಿಲು ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ದೂರದಿಂದ ನೋಡಿದಾಗ ಯಾರೋ ಒಡ್ಡಿನ ಮೇಲೆ ಜೋಳದ ಒಣ ಕಣಿಕೆ ಒಟ್ಟಿದ್ದಾರೆ ಎಂದುಕೊಂಡೆ. ಹತ್ತಿರ ಹೋದೆ. ಎಲ್ಲ ನಿಂತಲ್ಲೇ ಸತ್ತಿದ್ದವು. ಒಂದೂ ಬಿದ್ದಿರಲಿಲ್ಲ, ಒಂದನ್ನೂ ಕಿತ್ತಿರಲಿಲ್ಲ. ಗುಲಾಬಿ ಕುಡಿಗಳು ಕಂದಿ ಬಗ್ಗಿದ್ದವು, ತುಂಬಿಯ ಗಂಟುಗಳು ಸುಟ್ಟ ಕಾಗದದ ಹಾಗೆ ಕೈ ಇಟ್ಟರೆ ಪುಡಿಯಾದವು. ಆವರಿಕೆಯ ಗೊಂಚಲು ಗಿಡದಲ್ಲೇ ಇತ್ತು, ಬಣ್ಣ ಮಾತ್ರ ಇರಲಿಲ್ಲ. ಒಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಕಂದು. ಬುಡದಲ್ಲಿ ನೀಲಿ ಹೂ ಹುಡುಕಿದೆ, ಹುಚ್ಚಿಯ ಹಾಗೆ ಕೈಯಿಂದ ಕೆದರಿ ಹುಡುಕಿದೆ. ಆಮೇಲೆ ಅಳು ಬಂತು, ಅಳುವಿಗಿಂತ ಮೊದಲು ಬಾಯಿಗೆ ಬೈಗುಳ ಬಂತು. ಸುತ್ತ ಹೊಲದಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಬೈಯುತ್ತಿದ್ದೆ.

ಹೊಲದೊಳಗೆ ಎಣ್ಣಿ ಹೊಡೆದರೆ ನಾನು ತಕರಾರು ಮಾಡುವವಳಲ್ಲ. ಕುಕ್ಕರಗಾಲಿನಲ್ಲಿ ಕೂತು ದಿನವಿಡೀ ಕಸ ಕಿತ್ತವರ ಕಾಲು ಏನಾಗುತ್ತದೆ ಎಂದು ಅವ್ವನ ಮೊಣಕಾಲು ನೋಡಿದರೆ ಗೊತ್ತಾಗುತ್ತದೆ. ಆದರೆ ಒಡ್ಡಿನ ಮೇಲೆ ಯಾವ ಬೆಳೆ ಇತ್ತು? ಯಾರ ಅನ್ನಕ್ಕೆ ಅಡ್ಡ ಬಂದಿತ್ತು ಆ ತುಂಬಿ? ಬರಿಯ ಬುಟ್ಟಿಯನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ.

ತಮ್ಮ ಪಡಸಾಲೆಯಲ್ಲಿ ಕೂತಿದ್ದ. ನನ್ನ ಮುಖ ನೋಡಿದವನೇ ತಾನಾಗಿ ಹೇಳಲು ಶುರು ಮಾಡಿದ. ಹಬ್ಬವಾದ ಮೇಲೆ ಅವನ ಮಗಳನ್ನು ಕೇಳಿದ ಕಡೆಯವರು ಮನೆ, ಹೊಲ ನೋಡಲು ಬರುವವರಿದ್ದರಂತೆ. ಊರಿನ ದಾರಿ ಹೊಲ ಸೇರುವುದು ಆ ಕೊನೆಯಿಂದಲೇ, ಮೊದಲು ಕಾಣುವುದೇ ಆ ಒಡ್ಡು. ಅಷ್ಟು ಕಸ ನೋಡಿದರೆ ಇವರ ಮನೆಯ ಹೆಣ್ಣುಮಕ್ಕಳಿಗೆ ಕೆಲಸ ಬರುವುದಿಲ್ಲ ಎಂದುಕೊಂಡು ಹೋಗುತ್ತಾರೆ ಎಂದು ಹೆದರಿದನಂತೆ. ಅವ್ವ ನನ್ನ ಬೆನ್ನಿಗೆ ಗುದ್ದಿ ಹೇಳಿದ್ದ ಮಾತೇ ಅದು, ಇಷ್ಟು ವರ್ಷದ ಮೇಲೆ ಅವನ ಬಾಯಿಂದ ಬಂತು. ಹೇಳಿ ಮುಗಿಸಿ, ನನಗೇನೋ ದೊಡ್ಡ ಉಪಕಾರ ಮಾಡಿದವನ ಹಾಗೆ ಒಳಗಿನಿಂದ ಒಂದು ಬುಟ್ಟಿ ತಂದಿಟ್ಟ. ಸಿಂದಗಿ ಬಜಾರದಿಂದ ತಂದ ಚೆಂಡು ಹೂ, ಸೇವಂತಿಗೆ, ಬುಟ್ಟಿ ತುಂಬಿ ಚೆಲ್ಲುವಷ್ಟು.

"ನಿನಗ ಹೂ ಬೇಕಲ್ಲಕ್ಕಾ, ನೋಡು, ಎಷ್ಟ ಛಲೋ ಹೂ ತಂದೇನಿ. ಆ ಕಸಕ್ಕಿಂತ ಇವು ಸಾವಿರ ಪಾಲು ಮೇಲು."

ಅವನ ಕಣ್ಣಲ್ಲಿ ಮೋಸ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಮೋಸ ಮಾಡಿದ್ದರೆ ಜಗಳ ಆಡಿ ಹಗುರಾಗುತ್ತಿದ್ದೆ. ಇವನು ಪ್ರೀತಿಯಿಂದಲೇ ನನ್ನ ಪಾಲಿಗೆ ವಿಷ ಹಾಕಿ, ಪ್ರೀತಿಯಿಂದಲೇ ಬದಲಿಗೆ ಬುಟ್ಟಿ ತಂದಿದ್ದ. ಅಷ್ಟು ವರ್ಷ ಅಕ್ಕ ಕೇಳಿದ್ದು ಏನು ಎಂಬುದೇ ಅವನ ತಲೆಗೆ ಹೊಕ್ಕಿರಲಿಲ್ಲ. ಅದೊಂದು ಅಕ್ಕನ ಹುಚ್ಚು ಎಂದು, ಮಕ್ಕಳ ಕೈಗೆ ಪೀಪಿ ಕೊಟ್ಟ ಹಾಗೆ ಕೊಟ್ಟಿದ್ದ. ಬೇಕಾದಾಗ ಕಿತ್ತುಕೊಂಡ.

ಅವ್ವ ಅಂಗಳದಲ್ಲಿ ಪಾಂಡವರನ್ನು ಮಾಡಿ ಮುಗಿಸಿದ್ದಳು. ತಮ್ಮನ ಹೆಂಡತಿ ಚೆಂಡು ಹೂವಿನ ಬುಟ್ಟಿಯನ್ನು ಅವಳ ಮುಂದೆ ಇಟ್ಟಳು. ಅವ್ವ ಒಮ್ಮೆ ಬುಟ್ಟಿ ನೋಡಿದಳು, ಒಮ್ಮೆ ನನ್ನ ಬರಿಯ ಬುಟ್ಟಿ ನೋಡಿದಳು. ಹೂವಿನ ಬುಟ್ಟಿಯನ್ನು ಮೊಣಕೈಯಿಂದ ಅತ್ತ ಸರಿಸಿ, ಬೋಳೇ ಇರಲಿ ಎಂದಷ್ಟೇ ಹೇಳಿದಳು. ಆ ವರ್ಷ ನಮ್ಮ ಹಟ್ಟೆವ್ವ ಬೋಳು ತಲೆಯಲ್ಲಿ ಹೊಸ್ತಿಲಲ್ಲಿ ಕೂತಳು. ಓಣಿಯ ಹೆಂಗಸರು ಬಂದು ಹೋಗುವಾಗ ಅದನ್ನು ನೋಡಿ ಮುಖ ಮುಖ ನೋಡಿಕೊಂಡರು. ಅಪ್ಪ ಹೋದ ದಿನದಿಂದ ಅವ್ವನ ತಲೆಯಲ್ಲೂ ಹೂವಿಲ್ಲ.

ಸಂಜೆ ಆರತಿ. ಅಕ್ಕ ತಮ್ಮನಿಗೆ ಆರತಿ ಬೆಳಗುವುದು, ತಮ್ಮ ಅಕ್ಕನ ತಾಟಿನಲ್ಲಿ ಕಾಣಿಕೆ ಹಾಕುವುದು ನಮ್ಮ ಪದ್ಧತಿ. ಬೆಳಗಿನಿಂದ ನಾನು ಒಂದು ಮಾತೂ ಆಡಿರಲಿಲ್ಲ. ಸುಮ್ಮನಿದ್ದಾಳೆ, ಸಿಟ್ಟು ಇಳಿದಿದೆ ಎಂದು ಅವನು ತಿಳಿದಿದ್ದ. ತಲೆಗೆ ಟೊಪ್ಪಿಗೆ ಹಾಕಿಕೊಂಡು ಮಣೆಯ ಮೇಲೆ ಕೂತ. ನಾನು ಕುಂಕುಮ ಹಚ್ಚಿ, ದೀಪ ಬೆಳಗಿದೆ. ಅವನು ಹೊಸ ಇಳಕಲ್ಲ ಸೀರೆಯನ್ನು ತಾಟಿನ ಅಂಚಿಗೆ ತಂದ. ನಾನು ತಾಟನ್ನು ಹಿಂದಕ್ಕೆ ಎಳೆದುಕೊಂಡೆ.

"ಸೀರಿ ಬ್ಯಾಡ ತಮ್ಮಾ. ಒಡ್ಡು ಹಾಕು."

ಅವನು ನಗಲು ನೋಡಿದ. ನಾನು ನಗಲಿಲ್ಲ. ಮುಂದಿನ ವರ್ಷದಿಂದ ಹೊಡೆಯುವುದಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ ಎಂದ. ನಿನ್ನ ಮಾತು ಒಮ್ಮೆ ನೋಡಿಯಾಯಿತು, ಈಗ ಮಾತು ಬೇಡ, ಒಡ್ಡನ್ನು ನನ್ನ ಹೆಸರಿಗೆ ಉತಾರದಲ್ಲಿ ಬರೆಸು ಎಂದೆ. ಹೊಲದ ಉತಾರದಲ್ಲಿ ಯಾರ ಹೆಸರಿದೆಯೋ ಹೊಲ ಅವರದು, ಅದು ಅವನಿಗೂ ಗೊತ್ತು, ನನಗೂ ಗೊತ್ತು.

"ಬರೇ ಒಡ್ಡಿಗೆ ಯಾರ್ ಉತಾರ ಮಾಡಿಕೊಡ್ತಾರಕ್ಕಾ? ಒಡ್ಡು ಹೊಲಕ್ಕ ಹತ್ತಿದ್ದು."

"ಹಂಗಾರ ಒಡ್ಡಿಗೆ ಹತ್ತಿದ ನನ್ನ ಪಾಲಿನ ಹೊಲಾನೂ ಕೊಡು."

ಆ ಮಾತು ನನ್ನ ಬಾಯಿಂದ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಸಹಿ ಮಾಡಿದಾಗ ನುಂಗಿಕೊಂಡಿದ್ದೆನಲ್ಲ, ಅದು ಅಷ್ಟು ದಿನ ಎಲ್ಲಿ ಕೂತಿತ್ತೋ. ತಮ್ಮನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಮ್ಮ ಸೀರೆ ಹಿಡಿದುಕೊಂಡೇ ಅವ್ವನ ಕಡೆ ತಿರುಗಿದ. ಕಸ ಕಂಡರೆ ಆಗದ ಅವ್ವ, ಮಗನ ಮನೆಯಲ್ಲಿ ಉಣ್ಣುವ ಅವ್ವ, ತನ್ನ ಪರವಾಗಿ ಒಂದು ಮಾತು ಹೇಳುತ್ತಾಳೆ ಎಂದು ಅವನಿಗೆ ಖಾತ್ರಿ ಇತ್ತು.

"ನನ್ನ ಯಾಕ ನೋಡ್ತಿ?" ಎಂದಳು ಅವ್ವ. "ಕೊಟ್ಟ ಮಾತಿಗೆ ಎಣ್ಣಿ ಹೊಡದಾವ ನೀನ."

ತಮ್ಮ ಸೀರೆಯನ್ನು ಮಣೆಯ ಮೇಲೆ ಇಟ್ಟು ಎದ್ದ. ಸುಗ್ಗಿ ಆಗಲಿ ನೋಡೋಣ ಎಂದು ಹೊರಗೆ ಹೋದ. ನಾನು ಆ ಸೀರೆ ಮುಟ್ಟಲಿಲ್ಲ, ಮರುದಿನ ಬರಿಯ ಚೀಲ ಹಿಡಿದು ಬಸ್ಸು ಹತ್ತಿದೆ. ಸುಗ್ಗಿ ಆಯಿತು. ಜೋಳ ಕಣಕ್ಕೆ ಬಂತು, ಮನೆಗೂ ಬಂತು. ತಮ್ಮನ ಮಗಳ ಲಗ್ನ ಗಟ್ಟಿಯಾಯಿತು, ಅವಳ ಜಂಪರಿಗೆ ನಾನೇ ಆ ಗುಲಾಬಿ ಕುಡಿ ತೆಗೆದು ಕಳಿಸಿದೆ, ಫೋಟೋ ನೋಡಿಕೊಂಡು. ತಮ್ಮನ ಫೋನು ಮಾತ್ರ ಬಂದಿಲ್ಲ. ನಾನೇ ಮಾಡುತ್ತೇನೆ. ಎತ್ತಿದರೆ ಒಂದೇ ಮಾತು ಕೇಳುತ್ತೇನೆ, ಎತ್ತದಿದ್ದರೆ ಮರುದಿನ ಮತ್ತೆ ಮಾಡುತ್ತೇನೆ.

ಊರಲ್ಲಿ ಈಗ ಒಂದೇ ಸುದ್ದಿಯಂತೆ: ಕಸದ ಸಲುವಾಗಿ ತಮ್ಮನ ಹೊಲದಲ್ಲಿ ಪಾಲು ಕೇಳಿದಳು. ಅಂಗಡಿಗೆ ಬಂದ ನಮ್ಮೂರ ಕಡೆಯ ಹೆಂಗಸೊಬ್ಬಳು ಜಂಪರಿನ ಅಳತೆ ಕೊಡುತ್ತಾ, ಖರೇನ ಕೇಳೀರೇನ್ರಿ ಅಕ್ಕಾರ ಎಂದಳು. ನಾನು ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಹೇಳಿದೆ.

"ಹೌದ್ರಿ, ಕೇಳೇನಿ. ಕೊಡೂತನಾ ಕೇಳ್ತೇನಿ."